ಆತಗೂರಿನ ಕಲ್ಲೂ ಋಣವೆಂಬ ತತ್ತ್ವವೂ

ಪ್ರಾಚೀನ ಪ್ರಪಂಚದ ಚರಿತ್ರೆಯನ್ನು ಓದತೊಡಗುವ ವಿದ್ಯಾರ್ಥಿಗೆ ಮೊಟ್ಟಮೊದಲು ಎದುರಾಗುವುವು ಕೆಲವು ಪಾರಿಭಾಷಿಕ ಶಬ್ದಗಳು. ಸಾರ್ವಭೌಮತ್ವ, ಊಳಿಗಮಾನ್ಯ ಪದ್ಧತಿ, ರಾಜ್ಯಮತ, ಧರ್ಮ ಎಂಬಿವುಗಳ ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಂಡ ಮೇಲೆಯೇ ಆತನು ಈಜಿಪ್ಟು, ಬ್ಯಾಬಿಲೋನಿಯ, ಚೀನ, ರೋಮು ಮೊದಲಾದ ದೇಶಗಳ ವೃತ್ತಾಂತವನ್ನು ಪ್ರವೇಶಿಸುವನು. ಇದರಲ್ಲಿ ತಪ್ಪೇನೂ ಇಲ್ಲ. ಲಕ್ಷಣವನ್ನರಿಯದವನು ವಸ್ತುವನ್ನು ಗುರುತಿಸಲಾರನು. ಆದರೆ ನಮ್ಮ ತರ್ಕಶಾಸ್ತ್ರವನ್ನು ಓದಿದವರು ಇನ್ನೊಂದು ಮಾತನ್ನೂ ಬಲ್ಲರು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳುಂಟು. ಕಪಿಲವರ್ಣದ್ದೇ ಹಸುವೆಂದರೆ ಬಿಳಿಯ ಹಸು ಹೊರಗುಳಿಯುವುದು, ಇದು ಅವ್ಯಾಪ್ತಿ. ಕೊಂಬುಳ್ಳದ್ದೆಲ್ಲ ಹಸುವೆಂದರೆ ಎಮ್ಮೆಯೂ ಒಳಸೇರುವುದು; ಇದು ಅತಿವ್ಯಾಪ್ತಿ. ಒಂಟಿಗೊರಸುಳ್ಳದ್ದು ಹಸುವೆಂದರೆ ಅಂಥ ಹಸುವೇ ಲೋಕದಲ್ಲಿಲ್ಲ, ಇದು ಅಸಂಭವ. ಪರದೇಶದ ಚರಿತ್ರೆಯಲ್ಲಿ ಹುಟ್ಟಿದ ಶಬ್ದಗಳನ್ನು ನಮ್ಮ ಪೂರ್ವಿಕರ ಬಾಳಿಗೆ ಹೊಂದಿಸುವಾಗ ಈ ಮೂರು ದೋಷಗಳೂ ನುಸುಳುವುವು. ಇದನ್ನು ತೋರಿಸುವುದಕ್ಕೆ ದೂರ ಹೋಗಬೇಕಾದುದಿಲ್ಲ. ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ನಿಂತಿದ್ದ ಒಂದು ಕಲ್ಲೇ ಸಾಕು.

ಈ ಶಿಲಾಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದರ ಕಾಲವು ಶಕವರ್ಷ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ. ಶ. 949-50. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು, ಶಾಸನದ ಕನ್ನಡದಲ್ಲಿ ಹೇಳುವುದಾದರೆ ಕನ್ನರದೇವನು, ಚೋಳ ರಾಜಾದಿತ್ಯನ ಮೇಲೆ ನಡೆದು ತಕ್ಕೋಲದಲ್ಲಿ ಕಾದಿದನು. ಆ ಊರು ಈಗ ತಮಿಳುನಾಡಿನ ರಾಣಿಪೇಟೆ ಜಿಲ್ಲೆಗೆ ಸೇರಿದೆ. ಯುದ್ಧದಲ್ಲಿ ಕೃಷ್ಣನ ಪಕ್ಷದ ಗಂಗರಾಜ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಪ್ರಸನ್ನನಾದ ಕೃಷ್ಣನು ಆತನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ನಾಡುಗಳನ್ನು ಕೊಟ್ಟನು. ಬೂತುಗನ ಆಳಾದ ಮಣಲೆರನೆಂಬ ವೀರನು ಅದೇ ಕಾಳೆಗದಲ್ಲಿ ಒಡೆಯನ ಮುಂದೆ ನಿಂತು ಹೋರಾಡಿದ್ದನು. ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡೆಂದಾಗ ಮಣಲೆರನು ಬೇಡಿದುದು ಹೊನ್ನನ್ನಲ್ಲ, ನಾಡನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕೆಳಲೆ ನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ಹಿರಿಯ ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಒಡನೆ ಸತ್ತವು. ಅದಕ್ಕಾಗಿ ಆತಗೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಡೆಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಬೂತುಗನಾದರೋ ಮಣಲೆರನಿಗೆ ಆತಗೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ‘ಬಾಳ್ಗಚ್ಚು’ ಆಗಿ ಕೊಟ್ಟನು. ಬಾಳ್ ಎಂದರೆ ಕತ್ತಿ. ಕರ್ಚು ಎಂದರೆ ತೊಳೆ. ರಕ್ತದಿಂದ ತೊಯ್ದ ಕತ್ತಿಯನ್ನು ತೊಳೆದು ಕೊಡುವ ಕೊಡುಗೆಯೇ ಬಾಳ್ಗಚ್ಚು.

ಇದನ್ನೋದಿದ ಆಧುನಿಕ ವಿದ್ಯಾರ್ಥಿಯು ಕೂಡಲೇ ಊಳಿಗಮಾನ್ಯ ಪದ್ಧತಿಯೆಂದು ಗುರುತು ಹಾಕಿಬಿಡುವನು. ಮೇಲೆ ಚಕ್ರವರ್ತಿ, ಕೆಳಗೆ ಸಾಮಂತ, ಅವನ ಕೆಳಗೆ ಭಟ, ಎಲ್ಲಕ್ಕೂ ಕೆಳಗೆ ಉಳುವವನು: ಚಿತ್ರವು ಯೂರೋಪಿನದನ್ನು ಹೋಲುವುದು ನಿಜ. ಆರ್. ಎಸ್. ಶರ್ಮರು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭೂದಾನಶಾಸನಗಳನ್ನು ಆಧರಿಸಿ ಭಾರತದಲ್ಲಿಯೂ ಈ ಪದ್ಧತಿಯಿದ್ದಿತೆಂದು ವಾದಿಸಿದರು. ಒಪ್ಪದ ವಿದ್ವಾಂಸರೂ ಉಂಟು. ನಾವು ಕಲ್ಲನ್ನೇ ಕೇಳೋಣ. ಯೂರೋಪಿನಲ್ಲಿ ಭಟನು ಒಡೆಯನ ಮುಂದೆ ಮಂಡಿಯೂರಿ, ತನ್ನ ಕೈಗಳನ್ನು ಆತನ ಕೈಗಳಲ್ಲಿರಿಸಿ, ಆಣೆಯಿಟ್ಟು, ಮುಂದೆ ಸಲ್ಲಿಸಬೇಕಾದ ಸೇವೆಗಾಗಿ ನೆಲವನ್ನು ಪಡೆಯುತ್ತಿದ್ದನು. ಆತಗೂರಿನ ಕಲ್ಲಿನಲ್ಲಿ ನೆಲವು ಬಂದುದು ನಡೆದುಹೋದ ಪರಾಕ್ರಮಕ್ಕೆ. ಅಲ್ಲಿ ಒಪ್ಪಂದ, ಇಲ್ಲಿ ಮೆಚ್ಚು. ಮೇಲಾಗಿ ಬೂತುಗನು ಕೃಷ್ಣನಿಗೆ ಬರಿಯ ಅಧೀನನಲ್ಲ, ಆತನ ಸೋದರಿ ರೇವಕನಿಮ್ಮಡಿಯ ಪತಿ. ಇನ್ನು ‘ಸಾಮಂತ’ ಶಬ್ದವನ್ನೇ ನೋಡಿದರೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದಕ್ಕೆ ಸುತ್ತಲ ನೆರೆಯ ಅರಸನೆಂದೇ ಅರ್ಥ. ಅಧೀನ ರಾಜನೆಂಬ ಅರ್ಥವು ಶತಮಾನಗಳ ತರುವಾಯ ಬಂದುದು. ನೆರೆಯವನು ಸೋತು ಕಾಣಿಕೆ ತೆತ್ತು ಅಲ್ಲಿಯೇ ಅರಸನಾಗಿ ಉಳಿದ ಸಂಗತಿಯು ಆ ಶಬ್ದದ ಹೊಟ್ಟೆಯಲ್ಲಿಯೇ ಇದೆ. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದು ಕೊಂಬುಳ್ಳದ್ದೆಲ್ಲ ಹಸುವೆಂದಂತೆ. ಇದು ಅತಿವ್ಯಾಪ್ತಿ.

ಶಬ್ದವನ್ನು ಸರಿಯಾಗಿ ಗ್ರಹಿಸದಿದ್ದರೆ ಒಬ್ಬ ಮನುಷ್ಯನ ಶೀಲಕ್ಕೇ ಎಷ್ಟು ಹಾನಿಯಾಗಬಹುದೆಂಬುದಕ್ಕೂ ಇದೇ ಕಲ್ಲು ನಿದರ್ಶನ. ರಾಜಾದಿತ್ಯನ ವಧೆಯನ್ನು ಹೇಳುವ ಪಂಕ್ತಿಯನ್ನು ಮೊದಲು ವಿವರಿಸಿದ ಫ್ಲೀಟ್ ಪಂಡಿತರು ಬೂತುಗನು ಮೋಸದಿಂದ ಇರಿದನೆಂದು ಅರ್ಥಮಾಡಿದ್ದರು. ಅಲ್ಲಿರುವುದು ‘ಬಿಸುಗೆ’ ಎಂಬ ಮಾತು. ಆನೆಯ ಮೇಲಣ ಅಂಬಾರಿಯೆಂದು ಅದರ ಅರ್ಥ. ಅಂಬಾರಿಯನ್ನೇ ರಣಾಂಗಣವನ್ನಾಗಿ ಮಾಡಿಕೊಂಡು ಸುರಗಿಯಿಂದ ಇರಿದು ಕೊಂದನೆಂಬುದು ಪಂಕ್ತಿಯ ತಾತ್ಪರ್ಯ. ಫ್ಲೀಟರೇ ಮುಂದೆ ತಮ್ಮ ಮೊದಲಿನ ಅರ್ಥವನ್ನು ಬಿಟ್ಟರು. ಒಂದು ಪದದ ಅರ್ಥ ಸರಿಹೋದೊಡನೆ ವಂಚಕನು ವೀರನಾದನು. ಒಂದು ಪದಕ್ಕೆ ಇಷ್ಟು ಶಕ್ತಿಯಿರುವಾಗ, ಇಡಿಯ ಸಮಾಜಕ್ಕೆ ಹಚ್ಚುವ ಹೆಸರಿನ ವಿಷಯದಲ್ಲಿ ನಾವು ಎಷ್ಟು ಎಚ್ಚರದಿಂದಿರಬೇಕು!

ಅವ್ಯಾಪ್ತಿಗೆ ಉದಾಹರಣೆಯು ಧರ್ಮಶಬ್ದ. ಅಶೋಕನ ಧಮ್ಮವು ನಮ್ಮ ನಾಡಿಗೆ ಅಪರಿಚಿತವಲ್ಲ; ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅದು ಕೊರೆದಿದೆ. ಅದೇ ಅಶೋಕನು ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಯಿಸಿದ ಲೇಖವು 1958ರಲ್ಲಿ ದೊರೆಯಿತು. ಅಲ್ಲಿ ಧಮ್ಮಕ್ಕೆ ಪ್ರತಿಯಾಗಿ ಬಂದಿರುವುದು ‘ಯೂಸೆಬೆಯಾ’ ಎಂಬ ಗ್ರೀಕ್ ಶಬ್ದ. ದೇವತೆಗಳಲ್ಲಿಯೂ ಹಿರಿಯರಲ್ಲಿಯೂ ಇರತಕ್ಕ ಭಯಭಕ್ತಿಯೆಂದು ಅದರ ಅರ್ಥ. ಪ್ರಾಣಿದಯೆ, ದಾನ, ಸತ್ಯ, ಸೇವಕರಲ್ಲಿ ಸೌಜನ್ಯ ಇವೆಲ್ಲವನ್ನೂ ಒಳಗೊಂಡ ಧಮ್ಮಕ್ಕೆ ಭಕ್ತಿಯೊಂದೇ ಹೊದಿಕೆಯಾದೀತೆ? ಭಾಷಾಂತರಕಾರನು ಅಸಮರ್ಥನಲ್ಲ; ಅವನ ಭಾಷೆಯಲ್ಲಿ ಅಷ್ಟಗಲದ ಬಟ್ಟೆಯಿರಲಿಲ್ಲ.

ಮೂರನೆಯದಾದ ಅಸಂಭವಕ್ಕೆ ರಾಜ್ಯಮತವೆಂಬ ಶಬ್ದವೇ ಸಾಕ್ಷಿ. ರೋಮನ್ ಚಕ್ರವರ್ತಿ ಥಿಯೊಡೋಸಿಯಸನು ಕ್ರಿ. ಶ. 380ರಲ್ಲಿ ಪ್ರಜೆಗಳೆಲ್ಲರೂ ಒಂದೇ ಕ್ರೈಸ್ತಮತವನ್ನು ಅನುಸರಿಸತಕ್ಕದ್ದೆಂದು ಆಜ್ಞಾಪಿಸಿದನು. ಅಂಥ ರಾಜ್ಯಮತವನ್ನು ನಮ್ಮ ಮೂರು ತಾಲ್ಲೂಕುಗಳಲ್ಲಿ ಹುಡುಕಿ ನೋಡಿ. ಮಳವಳ್ಳಿಯ ಬಳಿಯ ಮಾರೇಹಳ್ಳಿಯ ನರಸಿಂಹಸ್ವಾಮಿಯ ಗುಡಿಗೆ ಚೋಳರ ಕಾಲದಲ್ಲಿ ‘ರಾಜಾಶ್ರಯ ವಿಣ್ಣಗರ’ವೆಂಬ ಹೆಸರಿದ್ದಿತು; ‘ರಾಜಾಶ್ರಯ’ವು ಶಿವಭಕ್ತನಾದ ರಾಜರಾಜಚೋಳನ ಬಿರುದು, ವಿಣ್ಣಗರವೆಂದರೆ ವಿಷ್ಣುಗೃಹ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಹೊಯ್ಸಳ ನರಸಿಂಹನ ದಂಡನಾಯಕ ಹರಿಹರನು ಮಲ್ಲಿಕಾರ್ಜುನನ ದೇವಾಲಯವನ್ನು ಕಟ್ಟಿಸಿದನು. ಇವೆರಡರ ನಡುವಣ ಕಾಲದಲ್ಲಿ ವಿಷ್ಣುವರ್ಧನನ ಸೇನಾಪತಿ ಗಂಗರಾಜನು ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದುಕೊಟ್ಟನು. ಮೆಚ್ಚಿದ ಅರಸನು ಬೇಡೆಂದಾಗ ಗಂಗರಾಜನು ತಿಪ್ಪೂರನ್ನು ಬೇಡಿ ಪಡೆದು, ಅದನ್ನು ಮೇಘಚಂದ್ರ ಸಿದ್ಧಾಂತದೇವರೆಂಬ ಜೈನಮುನಿಗಳಿಗೆ ಧಾರೆಯೆರೆದನು. ಇದು 1117ರ ಸಂಗತಿ. ಆ ಊರೇ ಇಂದಿನ ಅರೆತಿಪ್ಪೂರು. ವೈಷ್ಣವನೆಂದು ಪ್ರಸಿದ್ಧನಾದ ಅರಸನಿಂದ ಜೈನ ಸೇನಾಪತಿಗೆ, ಆತನಿಂದ ಮುನಿಗೆ ಊರು ದಾಟಿತು. ಇಲ್ಲಿ ಮತಗಳಿದ್ದವು, ಮತವಾದಗಳೂ ಇದ್ದವು. ಪ್ರಜೆಗಳೆಲ್ಲರ ಮೇಲೆ ಹೇರಿದ ಏಕಮತವಿರಲಿಲ್ಲ. ಒಂಟಿಗೊರಸಿನ ಹಸುವನ್ನು ಹುಡುಕಿ ಫಲವೇನು?

ಹಾಗಾದರೆ ಈ ಸಮಾಜವನ್ನು ಕಟ್ಟಿಹಿಡಿದಿದ್ದ ಸೂತ್ರವು ಯಾವುದು? ಮಣಲೆರನು ನಾಯಿಯನ್ನು ಬೇಡಿದುದನ್ನೂ ಗಂಗರಾಜನು ಊರನ್ನು ಬೇಡಿ ದಾನಮಾಡಿದುದನ್ನೂ ಒಟ್ಟಿಗಿಟ್ಟು ನೋಡಿದರೆ ಅದು ಋಣವೆಂದು ನನಗೆ ತೋರುತ್ತದೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಎಲ್ಲರೂ ಬಲ್ಲರು. ಶತಪಥಬ್ರಾಹ್ಮಣವು ಇವುಗಳೊಡನೆ ನಾಲ್ಕನೆಯದಾಗಿ ಮನುಷ್ಯಋಣವನ್ನೂ ಹೇಳುತ್ತದೆ. ಕನ್ನಡ ವೀರರು ಇದನ್ನು ತಮ್ಮದೇ ಮಾತಿನಲ್ಲಿ ‘ಜೋಳವಾಳಿ’ ಎಂದರು. ಉಂಡ ಧಾನ್ಯದ ಹಂಗನ್ನು ಪ್ರಾಣವಿತ್ತಾದರೂ ತೀರಿಸುವ ವ್ರತವಿದು. ಒಡೆಯನು ಸತ್ತ ವೇಳೆಗೆ ತಾನೂ ಸಾಯುವೆನೆಂಬ ಪ್ರತಿಜ್ಞೆಗೆ ‘ವೇಳೆವಾಳಿ’ ಎಂದು ಹೆಸರು. ನಾಯಕನು ಬಿದ್ದ ರಣದಿಂದ ಜೀವಸಹಿತ ಮರಳುವುದು ಜರ್ಮನಿಯ ಬುಡಕಟ್ಟುಗಳಲ್ಲಿ ಅಪಕೀರ್ತಿಯೆಂದು ರೋಮನ್ ಚರಿತ್ರಕಾರ ಟ್ಯಾಸಿಟಸನು ಕ್ರಿ. ಶ. 98ರ ಸುಮಾರಿನಲ್ಲಿ ಬರೆದನು. ಭಾವವು ಲೋಕಸಾಮಾನ್ಯ, ನಮ್ಮವರು ಅದನ್ನು ಅನ್ನದಿಂದ ಅಳೆದರು.

ಋಣಕ್ಕೆ ಸಾಕ್ಷಿಯೂ ಬೇಕು, ಶಿಕ್ಷೆಯೂ ಬೇಕು. ಆತಗೂರಿನ ಭೂಮಿಯನ್ನು ಕೆಡಿಸಿದವನು ಉಳುವವನಾಗಲಿ, ಊರನ್ನಾಳುವವನಾಗಲಿ, ನಾಡನ್ನಾಳುವವನಾಗಲಿ, ಆ ನಾಯಿಯು ಮಾಡಿದ ಪಾಪವನ್ನು ಹೊರುವನೆಂದು ಶಾಸನವು ವಿಧಿಸುತ್ತದೆ. ಗುಡಿಯ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆತನಿಗೂ ಅದೇ ಪಾಪ. ಕ್ರಿ. ಪೂ. 1750ರ ಸುಮಾರಿನಲ್ಲಿ ಬ್ಯಾಬಿಲೋನಿನ ಹಮ್ಮುರಾಬಿಯು 282 ವಿಧಿಗಳನ್ನು ಕೊರೆಯಿಸಿ ಕೊನೆಯಲ್ಲಿ, ಇದನ್ನು ಅಳಿಸುವ ಮುಂದಣ ಅರಸರಿಗೆ ದೇವತೆಗಳ ಶಾಪವನ್ನು ಬರೆಯಿಸಿದ್ದನು. ಆದರೂ ಏಲಮಿನ ಅರಸನು ಆ ಕಲ್ಲನ್ನು ಸೂಸಾ ಪಟ್ಟಣಕ್ಕೆ ಸಾಗಿಸಿದನು. ಕೆಲವು ಪಂಕ್ತಿಗಳನ್ನು ಉಜ್ಜಿಯೂ ಹಾಕಿದರು. ಬ್ಯಾಬಿಲೋನಿನ ಶಾಪವು ಮುಖ್ಯವಾಗಿ ಅರಸರನ್ನು ಕುರಿತದ್ದು. ಆತಗೂರಿನದು ನಾಡಾಳ್ವನನ್ನೂ ಉಳುವವನನ್ನೂ ಒಂದೇ ವಾಕ್ಯದಲ್ಲಿ, ಒಂದೇ ಪಾಪದ ಕೆಳಗೆ ನಿಲ್ಲಿಸುತ್ತದೆ. ಪಾಪದ ಮುಂದೆ ಮೇಲುಕೀಳಿಲ್ಲವೆಂಬ ಈ ಮಾತು ಸಾಮಾನ್ಯವಾದುದಲ್ಲ.

ಹೀಗೆಂದು ಹಿಂದಿನದೆಲ್ಲವೂ ಹೊನ್ನೆಂದು ಹೊಗಳುವುದು ಚರಿತ್ರಕಾರನಿಗೆ ಸಲ್ಲದು. ತನ್ನ ವಂಶದವನೇ ಆದ ರಾಚಮಲ್ಲನನ್ನು ಕೊಂದು ಬೂತುಗನು ತೊಂಬತ್ತಾರು ಸಾಸಿರವನ್ನಾಳಿದನೆಂದು ಇದೇ ಕಲ್ಲು ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಇದೇ ಬೂತುಗನಿಗೆ ಸತ್ಯವಾಕ್ಯ, ನನ್ನಿಯ ಗಂಗ ಎಂಬ ಬಿರುದುಗಳು. ಚೀನದ ಚೌ ವಂಶದವರು ಹಿಂದಿನ ಶಾಂಗ್ ಅರಸರನ್ನು ಉರುಳಿಸಿದಾಗ ಸ್ವರ್ಗದ ಆದೇಶವು ತಮಗೆ ದಾಟಿತೆಂದು ಸಮರ್ಥನೆಯನ್ನಾದರೂ ಕೊಟ್ಟರು. ಇಲ್ಲಿ ಗೆಲವೇ ಸಮರ್ಥನೆ. ಋಣವು ಕೆಲವರಿಗೆ ಕೊರಳ ಉರುಳೂ ಆಯಿತು. ನಮ್ಮ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಗರುಡಗಂಬಗಳಿವೆ. ಅಲ್ಲಿಯ ಒಂದು ನಾಯಕ ಮನೆತನದವರು ತಲೆತಲಾಂತರವಾಗಿ ಹೊಯ್ಸಳ ಅರಸರೊಡನೆ ಪ್ರಾಣಬಿಟ್ಟರು. ಅವರ ಹೆಂಡಂದಿರೂ ಊಳಿಗದವರೂ ಅವರೊಡನೆ ಸತ್ತರು. ಗಂಡನು ಉಂಡ ಜೋಳಕ್ಕೆ ಹೆಂಡತಿಯೇಕೆ ಪ್ರಾಣವನ್ನು ತೆರಬೇಕೆಂದು ಆ ಕಂಬಗಳನ್ನು ಕೇಳುವವರಿಲ್ಲ. ಆತಗೂರಿನ ಕಲ್ಲಿನಲ್ಲಿಯೂ ಅಷ್ಟೆ. ಅರಸನ ಹೆಸರಿದೆ, ಭಟನ ಹೆಸರಿದೆ, ನಾಯಿಯ ಹೆಸರಿದೆ. ಕೆರೆಯ ಕೆಳಗಿನ ಎರಡು ಖಂಡುಗವನ್ನು ಉತ್ತು ಬಿತ್ತಿದವನ ಹೆಸರಿಲ್ಲ. ಆತನಿಗೆ ಪಾಪದಲ್ಲಿ ಸಮಪಾಲು ದೊರೆಯಿತು, ಕೀರ್ತಿಯಲ್ಲಿ ದೊರೆಯಲಿಲ್ಲ. ಎಲ್ಲರೂ ಅವನ ಧಾನ್ಯವನ್ನೇ ಉಂಡು ಜೋಳವಾಳಿಯನ್ನು ಪಾಲಿಸಿದರು; ಆದರೆ ಅವನಿಗೆ ಸಲ್ಲಬೇಕಾದ ಋಣವನ್ನು ಯಾವ ಕಲ್ಲೂ ಬರೆದಿಡಲಿಲ್ಲ.

ಆದುದರಿಂದ ಪಠ್ಯಪುಸ್ತಕದ ಪಾರಿಭಾಷಿಕ ಶಬ್ದಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ; ಅವು ಲೋಕದ ಇತರ ಜನಾಂಗಗಳೊಡನೆ ನಮ್ಮನ್ನು ಹೋಲಿಸಿಕೊಳ್ಳಲು ಬೇಕಾದ ಸಾಧನಗಳು. ಆದರೆ ಮೊದಲು ವಸ್ತು, ಆಮೇಲೆ ಲಕ್ಷಣ. ಬಾಳ್ಗಚ್ಚು, ಮೆಚ್ಚು, ಜೋಳವಾಳಿ, ವೇಳೆವಾಳಿಗಳಂಥ ಮಾತುಗಳ ಅರ್ಥವನ್ನು ನಮ್ಮ ಮಕ್ಕಳು ಶಾಸನಗಳಿಂದಲೇ ಕಲಿತರೆ, ಹೊರಗಿನ ಶಬ್ದಗಳು ಎಲ್ಲಿ ಹೊಂದುವುವು, ಎಲ್ಲಿ ಹೊಂದವು ಎಂಬುದನ್ನು ತಾವೇ ನಿರ್ಣಯಿಸಬಲ್ಲರು. ಮಂಡ್ಯ, ಮದ್ದೂರು, ಮಳವಳ್ಳಿಗಳ ಊರೂರಿನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಶಾಸನಶಿಲೆಗಳಿವೆ. ಬಟ್ಟೆ ಒಗೆಯುವ ಹಾಸುಗಲ್ಲಾದುವೂ ಇವೆ. ಅವುಗಳ ಒಂದೊಂದು ಪದವನ್ನೂ ಕೆಡದಂತೆ ಕಾಪಾಡುವುದು, ಹೆಸರಿಲ್ಲದೆ ಹೋದ ಆ ಒಕ್ಕಲಿಗನಿಗೆ ಅಕ್ಷರಸ್ಥರಾದ ನಾವು ಸಲ್ಲಿಸಬೇಕಾದ ಮನುಷ್ಯಋಣ.