ತಿದ್ದುವ ಕಡ್ಡಿಯ ಬೆಲೆ

ಶಾಲೆಗೆ ಪೆನ್ಸಿಲ್ ಕೊಳ್ಳುವವರು ಸಾಮಾನ್ಯವಾಗಿ ಸರಕನ್ನೇ ಪರೀಕ್ಷಿಸುತ್ತಾರೆ: ಎಚ್‌ಬಿ ಎಂದು ಅಚ್ಚಾಗಿದೆಯೇ, ಗೆರೆ ಕಪ್ಪಾಗಿ ಮೂಡುತ್ತದೆಯೇ, ಡಜನ್ನಿಗೆ ಎಷ್ಟು ಬೀಳುತ್ತದೆ. ಈ ಪ್ರಶ್ನೆಗಳು ತಪ್ಪಲ್ಲ, ಆದರೆ ಅವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಹಳೆಯ ಮದ್ರಾಸ್ ಪ್ರಾಂತ್ಯದ ಮಕ್ಕಳು ಅಕ್ಷರ ತಿದ್ದಿದ ಸಾಧನಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ತಾನಾಗಿ ಎದ್ದು ಕಾಣುತ್ತದೆ. ಮನೆಯವರಿಗೆ ಹೊರೆಯಾಗದಂತೆ ಮಗು ಎಷ್ಟು ಸಲ ಬರೆದು, ಅಳಿಸಿ, ಮತ್ತೆ ಬರೆಯಬಹುದು? ತರಗತಿಯ ಬರೆಯುವ ಕಡ್ಡಿ ಒಳ್ಳೆಯದೋ ಅಲ್ಲವೋ ಎಂಬುದನ್ನು ಅಳೆಯಬೇಕಾದ್ದು ಮೊದಲು ಈ ಕೋಲಿನಿಂದ.

ಈ ಅಳತೆಗೆ ಅತಿ ಹಳೆಯ ಸಾಕ್ಷಿ ಮರಳು. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿದ್ದ ಆಶ್ರಮಶಾಲೆಯ ಹೊಣೆ ಹೊತ್ತ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್, ಊರಿನ ಪಾಠಶಾಲೆಯೊಂದರಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೂ ತಂದ. ಉಪಾಧ್ಯಾಯರು ಒಲ್ಲೆವೆಂದಾಗ ದೊಡ್ಡ ಹುಡುಗರಿಂದಲೇ ಚಿಕ್ಕವರಿಗೆ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ವರದಿಯಿಂದ ಈ ಕ್ರಮ ಮದ್ರಾಸ್ ಪದ್ಧತಿ ಎಂದೇ ಹೆಸರಾಗಿ, ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೂ ಹಬ್ಬಿತು. ಕಾಗದ, ಶಾಯಿ ಎರಡೂ ತುಟ್ಟಿಯಾಗಿದ್ದ ಕಾಲದಲ್ಲಿ ಮರಳು ಖರ್ಚಾಗುತ್ತಿರಲಿಲ್ಲ. ತಪ್ಪು ಬರೆದರೆ ಕೈಯಾಡಿಸಿದರೆ ಸಾಕು.

ಮರಳಿನ ಮುಂದಿನ ಹೆಜ್ಜೆಯ ವಿವರ ದೊರೆಯುವುದು ಕನ್ನಡ ಸೀಮೆಯಿಂದ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಶಾಲೆಗಳ ಲೆಕ್ಕ ಕೇಳಿದಾಗ, ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು ಮರಳಿನಲ್ಲಿ ಕೈ ಕುದುರಿದ ಮೇಲೆ ಓಲೆಗೋ ಕಾಗದಕ್ಕೋ ಹೋಗುವುದುಂಟು, ಆದರೆ ಹೆಚ್ಚು ಬಳಕೆಯಲ್ಲಿರುವುದು ಹಲಗೆ ಮತ್ತು ಕಡತ ಎಂದು ಅವನು ದಾಖಲಿಸಿದ. ಒಂದಡಿ ಅಗಲ, ಮೂರಡಿ ಉದ್ದದ ಮರದ ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಅದು ಸಿದ್ಧ. ಗಂಜಿಯಿಂದ ಬಿರುಸುಮಾಡಿ ಪುಸ್ತಕದಂತೆ ಮಡಿಸಿದ ಬಟ್ಟೆಗೆ ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟರೆ ಕಡತ. ಎರಡರ ಮೇಲೂ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಕ್ಯಾಂಪ್‌ಬೆಲ್ ಈ ಶಾಲೆಗಳನ್ನು ಕಣ್ಣು ಮುಚ್ಚಿ ಹೊಗಳಿದವನಲ್ಲ. ಪುಸ್ತಕಗಳೂ ಸರಿಯಿಲ್ಲ, ಸಮರ್ಥ ಗುರುಗಳೂ ಸಾಲದು ಎಂದು ದೂರಿದ. ಅಂಥವನೂ ಬರವಣಿಗೆ ಕಲಿಸುವಲ್ಲಿನ ಮಿತವ್ಯಯವನ್ನು ಮೆಚ್ಚಿ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಸರಿಯೇ ಎಂದ. ಟೀಕಾಕಾರನ ಬಾಯಿಂದ ಬಂದ ಮೆಚ್ಚುಗೆಗೆ ತೂಕ ಹೆಚ್ಚು.

ಇದೆಲ್ಲ ಬಡತನಕ್ಕೆ ತೊಡಿಸಿದ ಒಡವೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದದ್ದೇ. ಜನ ಬಡವಾಗುತ್ತಿರುವುದರಿಂದ ಮಕ್ಕಳನ್ನು ಶಾಲೆಗೆ ಕಳಿಸಲಾಗುತ್ತಿಲ್ಲ ಎಂದು ಕ್ಯಾಂಪ್‌ಬೆಲ್‌ನ ಅದೇ ವರದಿ ಹೇಳುತ್ತದೆ. ಅಗ್ಗದ ಹಲಗೆಯೊಂದೇ ಶಾಲೆಯನ್ನು ಉಳಿಸಲಿಲ್ಲ. ಹಲಗೆಗೆ, ಆಮೇಲೆ ಬಂದ ಮಾರ್ಕಾಪುರದ ಕಲ್ಲಿನ ಸ್ಲೇಟಿಗೆ, ಇನ್ನೊಂದು ಕೊರತೆಯೂ ಇತ್ತು: ಒರೆಸಿದರೆ ಹೋಯಿತು, ನಿನ್ನೆಯ ತಪ್ಪು ಇಂದು ಗುರುವಿಗೆ ಕಾಣುವುದಿಲ್ಲ. ಪೆನ್ಸಿಲ್ಲು ತರಗತಿಯಲ್ಲಿ ಗೆದ್ದದ್ದು ಇಲ್ಲಿಯೇ. ಅದರ ಬರಹ ಉಳಿಯುತ್ತದೆ, ಬೇಕಾದಾಗ ರಬ್ಬರಿಗೆ ಅಳಿಯುತ್ತದೆ. ಆದರೆ ಬಳಪ ಊರಿನ ಕಲ್ಲು, ಪೆನ್ಸಿಲ್ಲು ಹಡಗಿನ ಸರಕು. ಕಡ್ಡಿ ಮುಗಿದರೆ ಮತ್ತೆ ಕೊಳ್ಳಬೇಕು.

ಆ ಹಡಗು ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲ ಮಹಾಯುದ್ಧ ತೋರಿಸಿತು. ಜರ್ಮನಿ, ಆಸ್ಟ್ರಿಯಾಗಳಿಂದ ಬರುತ್ತಿದ್ದ ಪೆನ್ಸಿಲ್ ನಿಂತುಹೋಯಿತು. ಮದ್ರಾಸಿನಲ್ಲಿ ಕಾಗದ ಮತ್ತು ಬರವಣಿಗೆ ಸಾಮಗ್ರಿಯ ವ್ಯಾಪಾರಿಗಳಾದ ವಿ. ಪೆರುಮಾಳ್ ಚೆಟ್ಟಿ ಅಂಡ್ ಸನ್ಸ್ ಅವರ ಮದ್ರಾಸ್ ಪೆನ್ಸಿಲ್ ಕಾರ್ಖಾನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪೆನ್ಸಿಲ್ ಮಾಡುವುದು ನೋಡಿದಷ್ಟು ಸುಲಭವಲ್ಲ. ಫ್ರಾನ್ಸಿನ ಕೊಂಟೆ 1795ರಲ್ಲಿ ಹಕ್ಕುಪತ್ರ ಪಡೆದ ವಿಧಾನದಂತೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುತ್ತಾರೆ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಡಸು, ಗೆರೆ ತಿಳಿ. ಮರ ಮೆದುವಾಗಿ, ಎಳೆ ನೇರವಾಗಿರಬೇಕು, ಇಲ್ಲದಿದ್ದರೆ ಮೆಂಡರಿನಲ್ಲಿ ಸೀಳುತ್ತದೆ. ಇಂದು ಭಾರತದಲ್ಲಿ ಆ ಮರದ ಪಟ್ಟಿಗಳನ್ನು ಹೆಚ್ಚಾಗಿ ಒದಗಿಸುವುದು ಕಾಶ್ಮೀರದ ಪುಲ್ವಾಮಾದ ಪಾಪ್ಲರ್. ಕಡ್ಡಿ ನಡುವಿನಿಂದ ಸರಿದಿದ್ದರೂ, ಮರಕ್ಕೆ ಗಟ್ಟಿಯಾಗಿ ಅಂಟಿರದಿದ್ದರೂ, ಒಮ್ಮೆ ಕೈತಪ್ಪಿ ಬಿದ್ದರೆ ಒಳಗೊಳಗೇ ತುಂಡಾಗುತ್ತದೆ. ಎಚ್‌ಬಿ ಎಂಬ ಗುರುತು ಹೇಳುವುದು ಗಡಸುತನ, ಕಪ್ಪುಗಳನ್ನು ಮಾತ್ರ. ಉಳಿದ ದೋಷಗಳ ಬಗ್ಗೆ ಅದು ಬಾಯಿ ಬಿಡುವುದಿಲ್ಲ.

ಮಕ್ಕಳು ಹೇಗೂ ಪೆನ್ಸಿಲ್ ಕಳೆಯುತ್ತಾರೆ, ಅಗ್ಗದ್ದೇ ಸಾಕು ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಕಳೆಯುವುದು ನಿಜ. ಆದರೆ ಕಳೆದುಹೋಗುವ ಮುನ್ನವೇ ಮೆಂಡರಿನಲ್ಲಿ ಮುರಿದು ಮುರಿದು ಅರ್ಧ ತೀರಿಹೋಗುವ ಪೆನ್ಸಿಲ್ಲಿನ ನಿಜವಾದ ಬೆಲೆ, ಪೊಟ್ಟಣದ ಮೇಲಿನ ಬೆಲೆಯ ಇಮ್ಮಡಿ. ಹಾಗೆಂದು ತುಟ್ಟಿಯದೆಲ್ಲ ಒಳ್ಳೆಯದೆಂದೂ ಅಲ್ಲ: ಹತ್ತಾರು ದರ್ಜೆಯ ಗಡಸುತನ ಬೇಕಾಗುವುದು ನಕ್ಷೆ ಬರೆಯುವವರಿಗೆ, ಅಕ್ಷರ ತಿದ್ದುವ ಮಗುವಿಗಲ್ಲ. ಕಷ್ಟವಿರುವುದು ಕೊಳ್ಳುವವರು ಮತ್ತು ಬರೆಯುವವರು ಬೇರೆಯಾದಲ್ಲಿ. ಹಲಗೆಗೆ ಮಸಿ ಬಳಿದವರ ಕಣ್ಣೆದುರೇ ಅದರ ಗುಣ, ದೋಷ ತಿಳಿಯುತ್ತಿತ್ತು. ಇಂದು ತಮಿಳುನಾಡು ಸರಕಾರ ತನ್ನ ಶಾಲೆಗಳ ಮಕ್ಕಳಿಗೆ ಬಣ್ಣದ ಪೆನ್ಸಿಲ್, ಕ್ರೇಯಾನ್, ಜ್ಯಾಮಿತಿ ಪೆಟ್ಟಿಗೆಗಳನ್ನು ಉಚಿತವಾಗಿ ಕೊಡುತ್ತದೆ. ಮನೆಯವರ ಹೊರೆ ಇಳಿಸುವ ಈ ಕ್ರಮ ಮೆಚ್ಚತಕ್ಕದ್ದು. ಆದರೆ ಇಷ್ಟು ದೊಡ್ಡ ಖರೀದಿ ಎಲ್ಲೇ ನಡೆದರೂ, ಯಾರೇ ಮಾಡಿದರೂ, ಮಾದರಿಯನ್ನು ಕಚೇರಿಯ ಮೇಜಿನ ಮೇಲೆ ಒಂದು ಗೆರೆ ಎಳೆದು ಒಪ್ಪಿದರೆ ಸಾಲದು. ಒಂದು ತರಗತಿಯ ಕೈಗೆ ಕೊಟ್ಟು, ಮೋಟಾಗುವವರೆಗೆ ಬರೆಸಿ, ಕಡ್ಡಿ ಎಷ್ಟು ಸಲ ಮುರಿಯಿತು, ರಬ್ಬರಿಗೆ ಗೆರೆ ಅಳಿಯಿತೇ ಕಾಗದ ಹರಿಯಿತೇ ಎಂದು ಉಪಾಧ್ಯಾಯರಿಂದ ಕೇಳಿ ತಿಳಿಯಬೇಕು. ಡಜನ್ನಿನ ದರವನ್ನು ಹೋಲಿಸಬೇಕಾದ್ದು ಆ ಲೆಕ್ಕ ಕೈಗೆ ಬಂದ ಮೇಲೆ.