ಕೇರಿಯ ಎಲ್ಲೆ

ತನಗೆ ಬೇಡವಾದುದನ್ನು ಕಣ್ಣಿಗೆ ಬೀಳದ ಮೂಲೆಗೆ ತಳ್ಳುವುದು ನಗರಗಳ ಹಳೆಯ ವಾಡಿಕೆ. ಆದರೆ ವೇಶ್ಯಾವೃತ್ತಿಗೆ ಎಲ್ಲೆಯನ್ನು ಕಟ್ಟಿದರೆ ರೋಗವೂ ಆ ಎಲ್ಲೆಯೊಳಗೇ ನಿಲ್ಲುವುದೆಂದು ನಂಬಿ, ಆ ನಂಬಿಕೆಯನ್ನು ಶಾಸನವಾಗಿ ಮಾಡಿದವರು ಹಿಂದೂಸ್ಥಾನದ ಆಂಗ್ಲ ಸರಕಾರದವರು. 1864ರ ಶಾಸನದಿಂದ ದಂಡಿನ ಪ್ರದೇಶಗಳಲ್ಲಿ ಗೋರಾ ಸಿಪಾಯಿಗಳ ಸಂಗಡ ವ್ಯವಹರಿಸುವ ಹೆಂಗಸರ ಹೆಸರನ್ನು ಬರೆದುಕೊಂಡು, ಚೀಟಿಯನ್ನು ಕೊಟ್ಟು, ಗೊತ್ತಾದ ದಿನಗಳಲ್ಲಿ ಪರೀಕ್ಷೆ ನಡೆಸುವ ಪದ್ಧತಿಯು ನೆಲೆಗೊಂಡಿತು. ರೋಗ ಕಂಡವಳು ಲಾಕ್ ಆಸ್ಪತ್ರೆಯಲ್ಲಿ ಬಂದಿಯಂತೆ ಇರಬೇಕಾಗಿದ್ದಿತು. 1868ರ ಸಾಂಕ್ರಾಮಿಕ ರೋಗಗಳ ಶಾಸನವು ಇದನ್ನೇ ದೊಡ್ಡ ಪಟ್ಟಣಗಳಿಗೂ ಹಬ್ಬಿಸಿತು. ಪರೀಕ್ಷೆಯೆಲ್ಲವೂ ಹೆಂಗಸಿಗೆ, ಅವಳ ಬಾಗಿಲಿಗೆ ಬಂದ ಗಂಡಸಿಗೆ ಈ ಶಾಸನಗಳಲ್ಲಿ ಯಾವ ಕಟ್ಟಳೆಯೂ ಇರಲಿಲ್ಲ.

ಫಲವೇನಾಯಿತು? ಚೀಟಿಗೂ ಪರೀಕ್ಷೆಗೂ ಅಂಜಿದ ಹೆಂಗಸರು ದಂಡಿನ ಗೆರೆಯನ್ನು ದಾಟಿ ಆಚೆಯ ಹಳ್ಳಿಗಳಲ್ಲಿ ನಿಂತರು. ಸಿಪಾಯಿಗಳೂ ಗೆರೆಯನ್ನು ದಾಟಿದರು. ರೋಗಕ್ಕಂತೂ ಗೆರೆಯ ಪರಿವೆಯೇ ಇರಲಿಲ್ಲ. ಚೀಟಿಯಿಲ್ಲದ ಹೆಂಗಸರ ಮೇಲೆ ತಪ್ಪನ್ನು ಹೊರಿಸಿ ಅಧಿಕಾರಿಗಳು ವರದಿಗಳನ್ನು ಬರೆದರೇ ಹೊರತು, ಅವರು ಓಡಿದುದೇಕೆಂದು ವಿಚಾರಿಸಿದವರು ವಿರಳ. ಜೋಸೆಫೈನ್ ಬಟ್ಲರಳು ಇಂಗ್ಲೆಂಡಿನಲ್ಲಿ ಹೂಡಿದ ಚಳವಳಿಯಿಂದ ಅಲ್ಲಿಯ ಇಂತಹ ಶಾಸನಗಳು 1886ರಲ್ಲಿಯೂ, ಇಲ್ಲಿಯ 1868ರ ಶಾಸನವು 1888ರಲ್ಲಿಯೂ ರದ್ದಾದುವು.

ಶತಮಾನವೊಂದು ಕಳೆದ ಮೇಲೆ ಏಡ್ಸ್ ರೋಗವು ಅದೇ ಪ್ರಶ್ನೆಯನ್ನು ತಿರುಗಿ ಎತ್ತಿತು. 1992ರಲ್ಲಿ ಕಲ್ಕತ್ತೆಯ ಸೋನಾಗಾಛಿಯಲ್ಲಿ ವೈದ್ಯ ಸ್ಮರಜಿತ್ ಜಾನಾ ಅವರು ಕೈಕೊಂಡ ಕಾರ್ಯವು ಹಳೆಯ ದಾರಿಯನ್ನು ಹಿಡಿಯಲಿಲ್ಲ. ಕೇರಿಯ ಹೆಂಗಸರೇ ತರಬೇತಿಯನ್ನು ಪಡೆದು ಮನೆಮನೆಗೆ ಹೋಗಿ ತಿಳಿವಳಿಕೆಯನ್ನೂ ನಿರೋಧವನ್ನೂ ಮುಟ್ಟಿಸತೊಡಗಿದರು. ಯಾವ ಇಕ್ಕಟ್ಟಾದ ಓಣಿಗಳನ್ನು ನಗರವು ಹೇಸುತ್ತಿದ್ದಿತೋ ಅವೇ ಇಲ್ಲಿ ಅನುಕೂಲವಾದುವು: ಬಾಗಿಲಿಗೆ ಬಾಗಿಲು ತಾಗಿದ್ದುದರಿಂದ ಒಬ್ಬಳ ಮಾತು ಹಲವರಿಗೆ ಮುಟ್ಟುತ್ತಿದ್ದಿತು. ಆದರೆ ಸಾಲದಲ್ಲಿ ಮುಳುಗಿದವಳು ನಿರೋಧವನ್ನೊಲ್ಲದ ಗಿರಾಕಿಯನ್ನು ಹೇಗೆ ಹಿಂದಕ್ಕೆ ಕಳುಹಿಸಿಯಾಳು? ಔಷಧದಿಂದ ಬಗೆಹರಿಯುವ ಪ್ರಶ್ನೆ ಇದಲ್ಲ. 1995ರಲ್ಲಿ ಆ ಹೆಂಗಸರು ದುರ್ಬಾರ್ ಎಂಬ ಸಂಘವನ್ನೂ, ಉಷಾ ಎಂಬ ಸಹಕಾರಿ ಸಂಘವನ್ನೂ ಕಟ್ಟಿಕೊಂಡುದರ ಮರ್ಮವು ಇಲ್ಲಿದೆ.

ಗೋವೆಯ ವಾಸ್ಕೋ ಪಟ್ಟಣದ ಕಡಲತಡಿಯಲ್ಲಿದ್ದ ಬೈನಾ ಕೇರಿಯ ಕಥೆ ಬೇರೆ. ಅಲ್ಲಿದ್ದ ಹೆಂಗಸರಲ್ಲಿ ಅನೇಕರು ಕರ್ನಾಟಕ, ಆಂಧ್ರಗಳಿಂದ ಹೋದವರು. 2004ರ ಜೂನ್ ತಿಂಗಳಿನಲ್ಲಿ, ಮಳೆಗಾಲದಲ್ಲಿ, ಆ ಕೇರಿಯನ್ನು ಕೆಡವಲಾಯಿತು. ಗುಡಿಸಲುಗಳು ಹೋದುವು, ವೃತ್ತಿ ಹೋಗಲಿಲ್ಲ. ಅದು ಬೀದಿಗಳಿಗೂ ವಸತಿಗೃಹಗಳಿಗೂ ಚದುರಿತು. ವರ್ಷಗಳಿಂದ ಆ ಓಣಿಗಳನ್ನೇ ನೆಚ್ಚಿ ನಡೆದಿದ್ದ ರೋಗನಿವಾರಣೆಯ ಕೆಲಸಕ್ಕೆ ಯಾರನ್ನು ಎಲ್ಲಿ ಹುಡುಕಬೇಕೆಂಬುದೇ ತಿಳಿಯದಾಯಿತು.

ಅದೇ ಕಾಲದ ಮೈಸೂರಿನಲ್ಲಿ ಅಂತಹ ಕೇರಿಯೇ ಇರಲಿಲ್ಲ. ವೃತ್ತಿಯು ಹೆಚ್ಚಾಗಿ ಬೀದಿಬದಿಯಲ್ಲಿ ನಡೆಯುತ್ತಿದ್ದಿತು. ಅಲ್ಲಿಯ ಹೆಂಗಸರು ಆಶೋದಯ ಸಮಿತಿಯನ್ನು ಕಟ್ಟಿ ತಮ್ಮವರನ್ನು ತಾವೇ ಹುಡುಕಿದರು. ಹಗಲಿನಲ್ಲಿ ಬಂದು ಕುಳಿತು ದಣಿವಾರಿಸಿಕೊಳ್ಳುವುದಕ್ಕೆ ಒಂದು ಮನೆಯನ್ನೂ, ಅದರ ಜೊತೆಗೆ ಚಿಕಿತ್ಸಾಲಯವನ್ನೂ ಮಾಡಿಕೊಂಡರು. ಅಲ್ಲಿಗೆ ಬಂದವಳು ಹೊರಡುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.