ಎರಡು ತಂತಿಗಳ ಪೂರ್ವವೃತ್ತಾಂತ

ಅಂಗುಷ್ಠಪ್ರಮಾಣದ ಓಲೆಡ್ ಫಲಕವನ್ನು ಮೈಕ್ರೋಕಂಟ್ರೋಲರಿಗೆ ಜೋಡಿಸಿ, ರಸ್ಟ್ ಭಾಷೆಯಲ್ಲಿ ಪ್ರೋಗ್ರಾಮನ್ನು ಬರೆದೂ ಬೆಳಕು ಮೂಡದೆ ಪರಿತಪಿಸುವವರು ಎದುರಿಸುವ ತೊಡಕುಗಳ ಬೇರು 1982ರ ಹಾಲೆಂಡಿನಲ್ಲಿದೆ. ದೂರದರ್ಶನ ಯಂತ್ರಗಳೊಳಗಿನ ಚಿಪ್‌ಗಳು ಅಸಂಖ್ಯ ತಂತಿಗಳ ಜಟಿಲತೆಯಿಲ್ಲದೆ ಪರಸ್ಪರ ಸಂಭಾಷಿಸುವಂತಾಗಲೆಂದು ಫಿಲಿಪ್ಸ್ ಸಂಸ್ಥೆಯವರು ಆಗ ರೂಪಿಸಿದ ಐ2ಸಿ ಪದ್ಧತಿಯಲ್ಲಿ ಒಂದು ತಂತಿ ದತ್ತಾಂಶವನ್ನೂ ಇನ್ನೊಂದು ಕಾಲಸ್ಪಂದನವನ್ನೂ ವಹಿಸುವುವು. ಚಿಪ್‌ಗಳು ಈ ತಂತಿಗಳನ್ನು ಶೂನ್ಯಕ್ಕೆ ಇಳಿಸಬಲ್ಲವೇ ಹೊರತು ಮೇಲೆತ್ತಲಾರವಾದುದರಿಂದ, ಆ ಕಾರ್ಯಕ್ಕೆ ನಿಯುಕ್ತವಾದ ಪುಲ್‌ಅಪ್ ರೆಸಿಸ್ಟರುಗಳಿಲ್ಲದೆಡೆ ಸಂವಾದವೇ ಅಸಾಧ್ಯ.

ವಿಳಾಸಕ್ಕೆ 7 ಬಿಟ್‌ಗಳನ್ನು ಮೀಸಲಿರಿಸಿ, 8ನೆಯದನ್ನು ಓದು-ಬರಹದ ಸೂಚನೆಗೆ ಬಿಟ್ಟ ನಿರ್ಣಯದಿಂದಲೇ, ನನ್ನ ಮತದಲ್ಲಿ, ಅತ್ಯಂತ ದೀರ್ಘಾಯುವಾದ ಗೊಂದಲ ಹುಟ್ಟಿತು: ಎಸ್‌ಎಸ್‌ಡಿ1306 ಚಿಪ್ಪಿನ ಫಲಕದ ನಿಜವಾದ ವಿಳಾಸ ಸಾಮಾನ್ಯವಾಗಿ ದಶಮಾನದ ಲೆಕ್ಕದಲ್ಲಿ 60 ಆಗಿರಲು, ಅದರ ಬೆನ್ನ ಮೇಲೆ ಎಷ್ಟೋ ವೇಳೆ 8 ಬಿಟ್‌ಗಳನ್ನೂ ಕೂಡಿಸಿ ಪಡೆದ 120ಕ್ಕೆ ಸಮನಾದ ಅಂಕಿಯನ್ನು ಮುದ್ರಿಸಿರುತ್ತಾರೆ. ಅದನ್ನೇ ನಂಬಿ ಕರೆದರೆ ಯಾರೂ ಓಗೊಡರು.

2015ರಲ್ಲಿ ಪ್ರಥಮ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್, ಆ ಮೌನವನ್ನು ಮುಚ್ಚಿಡದೆ ದೋಷಮೌಲ್ಯವಾಗಿ ನಮ್ಮ ಕೈಗೀಯುವುದು ಶ್ಲಾಘ್ಯವಾದುದು; 2024ರ ಜನವರಿಯಲ್ಲಿ 1.0 ಆವೃತ್ತಿಗೇರಿದ ಎಂಬೆಡೆಡ್-ಹಾಲ್ ಎಂಬ ಅದರ ಗ್ರಂಥಾಲಯವು, ಮರುನುಡಿ ನಿಂತುದು ವಿಳಾಸದಲ್ಲಿಯೋ ದತ್ತಾಂಶದಲ್ಲಿಯೋ ಎಂಬುದನ್ನು ಬೇರೆಬೇರೆಯಾಗಿ ಹೆಸರಿಸಲೂ ಅವಕಾಶವಿತ್ತಿದೆ.